ಮಂಗಳಾಳ ಚೌಕಟ್ಟು

ಗುಬ್ಬಿಯಲ್ಲಿ ಬಾಡಿಗೆ ಮನೆ ಕೇಳಲು ಹೋದ ದಿನ ಮಾಲಕಿ ಗೌರಮ್ಮ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, "ನಿಮ್ದು ಯಾವ್ ಭಾಷೆಮ್ಮ?" ಎಂದರು. ಭಾಲ್ಕಿಯಿಂದ ಬಂದ ನಾನು ಆಡಿದ್ದು ಕನ್ನಡವೇ. ಮನೆ ಸಿಕ್ಕಿತು, ಜೋಳದ ರೊಟ್ಟಿ ಸಿಗಲಿಲ್ಲ. ಮುದ್ದೆಯನ್ನು ಅಗಿಯದೆ ನುಂಗಲು ಕಲಿಯುವುದಕ್ಕೆ ತಿಂಗಳು ಹಿಡಿಯಿತು. 'ಬುಡು' ಅಂದರೆ 'ಬಿಡು' ಎಂಬುದು ಮಾತ್ರ ಬೇಗ ತಿಳಿಯಿತು. ಎಲ್ಲರೂ ನನಗೆ ಅದನ್ನೇ ಹೇಳುತ್ತಿದ್ದರು.

ನನ್ನ ಕೆಲಸ ಸೇನೆಯ ಎಲೆಕ್ಟ್ರಾನಿಕ್ ಸಾಧನಗಳದು. ಒಂದು ಕಂಪನಿಯ ರೇಡಿಯೊ ಕಾರ್ಡು, ಅಂದರೆ ಸರ್ಕೀಟಿನ ಹಲಗೆ, ಇನ್ನೊಂದರ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಒಂದು ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು. ಯಾರು ಮಾಡಿದ ಕಾರ್ಡಾದರೂ ಕೂತು, ಪಕ್ಕದ ಕಾರ್ಡಿನೊಡನೆ ಮಾತಾಡುವಂಥ ಒಂದೇ ಚೌಕಟ್ಟು ರೂಪಿಸಲು ನಮ್ಮನ್ನು ಸೇರಿಸಿದ್ದರು. ನಾನೊಂದು ವಿನ್ಯಾಸ ಬರೆದೆ, ಸಹೋದ್ಯೋಗಿ ಮಂಗಳಾ ಒಂದು ಬರೆದಳು. ಆಯ್ಕೆಯಾದದ್ದು ಅವಳದು.

ಮಂಗಳಾ ಇಲ್ಲೇ ಹತ್ತಿರದ ಚೇಳೂರಿನವಳು. ಬಸ್ಸಿನ ಕಂಡಕ್ಟರ್ ಕೂಡ ಅವಳ ಅಪ್ಪನ ಮೊಣಕಾಲು ನೋವು ವಿಚಾರಿಸುತ್ತಾನೆ. ಡಬ್ಬಿಯಲ್ಲಿ ದಿನವೂ ಅಮ್ಮ ಮಾಡಿದ ಸಾರು. ಇಷ್ಟೆಲ್ಲ ಇದ್ದವಳಿಗೆ ವಿನ್ಯಾಸವೂ ಬೇಕಿತ್ತೇ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.

ಚೌಕಟ್ಟಿನ ಪರೀಕ್ಷೆಗೆ ಎರಡು ದಿನವಿರುವಾಗ ಅವಳ ವಿನ್ಯಾಸದ ದಾಖಲೆಯಲ್ಲೊಂದು ತಪ್ಪು ಕಂಡಿತು. ಎರಡು ಕಾರ್ಡು ಒಟ್ಟಿಗೆ ಚಾಲೂ ಆದರೆ ಚೌಕಟ್ಟು ಅವನ್ನು ಗುರುತಿಸುವ ವಿಳಾಸ ಎರಡಕ್ಕೂ ಒಂದೇ ಆಗಿ, ಎರಡೂ ಮೂಕವಾಗುತ್ತಿದ್ದವು. ನಾನು ಹೇಳಲಿಲ್ಲ. ಅವಳು ನಗುನಗುತ್ತ ಓಡಾಡುವುದನ್ನು ನೋಡುತ್ತ ಒಳಗೊಳಗೇ ಖುಷಿಪಟ್ಟೆ.

ಪರೀಕ್ಷೆಯ ಬೆಳಿಗ್ಗೆ ಅದನ್ನು ನೋಡಲು ಸೇನೆಯಿಂದ ಹುಲಿಯೂರುದುರ್ಗದ ಕಡೆಯ ಹವಾಲ್ದಾರರೊಬ್ಬರು ಬಂದಿದ್ದರು. ಚಹಾ ಕುಡಿಯುತ್ತ, "ಗುಡ್ಡದ ಮೇಲೆ ಸೆಟ್ ಮೂಕಾಗ್ಬುಟ್ರೆ, ಯಾರ್ ಮಾಡಿದ್ದು ಅಂತ ಯಾರೂ ಕೇಳಲ್ಲ ಮೇಡಂ. ನಾವು ಬದುಕಿದೀವಾ ಇಲ್ವಾ ಅಂತಾನೇ ಕೆಳಗಿರೋರಿಗೆ ಗೊತ್ತಾಗಲ್ಲ," ಎಂದರು.

ನಾನು ಎದ್ದು ಹೋಗಿ ಮಂಗಳಾಳಿಗೆ ಆ ತಪ್ಪಿರುವ ಪುಟ ತೋರಿಸಿದೆ.

"ಯಾವಾಗ ನೋಡ್ದೆ?"

"ಮೊನ್ನಿ."

ಅವಳು ನನ್ನನ್ನೇ ನೋಡಿದಳು. "ಕೂತ್ಕೊ. ಮೊದ್ಲು ಇದನ್ನ ಸರಿ ಮಾಡಾಣ," ಎಂದಳು.

ಮಧ್ಯಾಹ್ನ ಮೂರು ಕಂಪನಿಗಳ ಕಾರ್ಡುಗಳು ಒಂದೇ ಚೌಕಟ್ಟಿನಲ್ಲಿ ಮಾತಾಡಿದವು. ಎಲ್ಲರೂ ಅವಳ ಕೈಕುಲುಕಿದರು. ದಾಖಲೆಯಲ್ಲಿ ತನ್ನ ಹೆಸರಿನ ಜೊತೆ ನನ್ನದನ್ನೂ ಅವಳೇ ಸೇರಿಸಿದಳು. ಆ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚೇ.

ಆಮೇಲೆ, ನಾನು ಎಂದೋ ಕೇಳಿದ್ದ ವರ್ಗಾವಣೆ ಬಂತು, ಊರಿನ ಹತ್ತಿರಕ್ಕೇ. ಹೋದರೆ ಚೌಕಟ್ಟಿನ ಮುಂದಿನ ಆವೃತ್ತಿಯನ್ನು ಮಂಗಳಾ ಒಬ್ಬಳೇ ಬರೆಯುತ್ತಾಳೆ. ಬೇಡವೆಂದು ಬರೆದುಕೊಟ್ಟೆ. ಫೋನಿನಲ್ಲಿ ಅವ್ವನಿಗೆ ಹೇಳಿದಾಗ ಆಕೆ, "ಚಿಂತಿ ಮಾಡಬ್ಯಾಡವ್ವಾ, ನಿನ್ನ ತಂಗಿ ಇಲ್ಲೇ ಅದಾಳಲ್ಲ," ಎಂದಳು.

ಸಮಾಧಾನಕ್ಕೆಂದೇ ಆಡಿದ ಮಾತು. ಆದರೆ ಅಂದಿನಿಂದ, ನನ್ನ ಎರಡು ಊರಲ್ಲೂ ನನ್ನ ಜಾಗದಲ್ಲಿ ಬೇರೆ ಯಾರೋ ಕೂತಿದ್ದಾರೆ ಅನ್ನಿಸುತ್ತದೆ.