ಕುರ್ಚಿಯಲ್ಲಿ ಮಲಗಿದ್ದ ಸಿಸ್ಟರ್

ದೆವ್ವ, ಗಾಳಿ, ಸೋಕು ಎಂದರೆ ನನಗೆ ಮೊದಲಿನಿಂದಲೂ ನಗು. ನರ್ಸ್ ಕೆಲಸಕ್ಕೆ ಸೇರಿದ ಮೇಲೆ ಆ ನಗು ಇನ್ನೂ ಹೆಚ್ಚಾಯಿತು. ಜೊತೆಯವರು ರಾತ್ರಿಪಾಳಿಯ ಕಥೆಗಳನ್ನು ಶುರುಮಾಡಿದರೆ, ‘ನಾಲ್ಕು ದಿನ ನಿದ್ದೆಗೆಟ್ಟರೆ ಸಲೈನಿನ ಕಂಬವೂ ಕಣ್ಣು ಮಿಟುಕಿಸುತ್ತದೆ ಬಿಡಿ’ ಎಂದು ಗೇಲಿ ಮಾಡುತ್ತಿದ್ದೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆ. ಉಡುಪಿ ಕಡೆಯಿಂದ ಬಂದ ನಾನು ಡೊಂಬಿವಲಿಯಲ್ಲಿ ಅಣ್ಣನ ಎರಡು ಕೋಣೆಯ ಮನೆಯಲ್ಲಿದ್ದುಕೊಂಡು ಕಲ್ಯಾಣದ ಒಂದು ಸಣ್ಣ ಆಸ್ಪತ್ರೆಗೆ ಹೋಗುತ್ತಿದ್ದೆ. ಮೊದಲ ಸಲ ರಾತ್ರಿಪಾಳಿ ಬಿದ್ದಿತ್ತು. ರಾತ್ರಿ ಎಚ್ಚರವಿರುವುದಕ್ಕಿಂತ ಹಗಲು ಮಲಗುವುದು ಕಷ್ಟ ಎಂದು ಗೊತ್ತಾದದ್ದು ಆಗಲೇ. ಇನ್ನೇನು ನಿದ್ದೆ ಹತ್ತಿತು ಎನ್ನುವಾಗ ನಲ್ಲಿಯಲ್ಲಿ ನೀರು ಬರುತ್ತಿತ್ತು, ಚಾಳಿನ ಸಾಲುಮನೆಗಳವರೆಲ್ಲ ಕೊಡ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದರು. ಅತ್ತಿಗೆ ಕಿಟಕಿಗೆ ಹಳೆಯ ಸೀರೆ ಕಟ್ಟಿ, “ಇದೆಂತ ಕೆಲಸ ಮಾರಾಯ್ತಿ, ಗೂಬೆಯ ಹಾಗೆ! ಸ್ವಲ್ಪ ಕಣ್ಣು ಮುಚ್ಚು” ಎನ್ನುತ್ತಿದ್ದರು. ಐದು ದಿನದಲ್ಲಿ ಹತ್ತು ಗಂಟೆಯೂ ಮಲಗಿರಲಿಕ್ಕಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲವಾದ್ದರಿಂದ ರಜೆ ಕೇಳಲು ಬಾಯಿ ಬರಲಿಲ್ಲ.

ಆರನೆಯ ರಾತ್ರಿ ವಾಂತಿಭೇದಿಯಿಂದ ಬಾಡಿಹೋಗಿದ್ದ ಒಂದು ಹುಡುಗಿಯನ್ನು ತಂದರು. ಸುವರ್ಣಾ ಅಂತ, ಆರು ವರ್ಷದವಳು. ತಂದೆ ಭಿವಂಡಿಯ ಮಗ್ಗದ ಕಾರ್ಖಾನೆಯಲ್ಲಿದ್ದ. ತಾಯಿ ಶಾಂತವ್ವ ವಿಜಾಪುರದ ಕಡೆಯವಳು. ನಾನು ಕನ್ನಡದವಳೆಂದು ತಿಳಿದದ್ದೇ ಎರಡೂ ಕೈ ಹಿಡಿದು, “ಅಕ್ಕಾರ, ನನಗ ಇದೊಂದ ಕೂಸು ರೀ” ಎಂದಳು. ಡಾಕ್ಟರು ಸಲೈನ್ ಹಾಕಿಸಿ, ಗಂಟೆಗೊಮ್ಮೆ ನಾಡಿ ನೋಡಿ ಚಾರ್ಟಿನಲ್ಲಿ ಬರೆಯಬೇಕು, ಬಾಟಲಿ ಖಾಲಿಯಾಗಲು ಬಿಡಬಾರದು, ಬೆಳಗಿನವರೆಗೆ ತಡೆದರೆ ಮಗು ಉಳಿಯುತ್ತದೆ ಎಂದು ನನಗೆ ಹೇಳಿ ಕೆಳಗೆ ಹೋದರು. ಮೇಲಿನ ವಾರ್ಡಿಗೆ ನಾನೊಬ್ಬಳೇ ಸಿಸ್ಟರ್. ಆಯಾ ಒಬ್ಬಳಿದ್ದಳು, ಅವಳಿಗೆ ಓದುಬರಹ ಬಾರದು.

ಒಂದು ಗಂಟೆಗೆ ನಾಡಿ ನೋಡಿದೆ. ಸಿಕ್ಕೂ ಸಿಗದ ಹಾಗಿತ್ತು. ಬರೆದಿಟ್ಟು, ಬಾಟಲಿಯಲ್ಲಿ ಇನ್ನೂ ಸ್ವಲ್ಪ ಇದೆಯಲ್ಲ, ಎರಡು ನಿಮಿಷ ಕಾಲು ಚಾಚೋಣ ಎಂದು ಮೂಲೆಯ ಕುರ್ಚಿಯಲ್ಲಿ ಕೂತೆ.

ಕಣ್ಣು ಬಿಟ್ಟಾಗ ಕಿಟಕಿ ಬೆಳ್ಳಗಾಗಿತ್ತು. ಗಡಿಯಾರದಲ್ಲಿ ಐದೂವರೆ. ಮಗು ಹೋಗಿಯೇಬಿಟ್ಟಿದೆ, ಕೊಂದವಳು ನಾನೇ ಎಂದುಕೊಂಡು ಓಡಿದೆ. ಸುವರ್ಣಾ ಕಣ್ಣು ತೆರೆದು ತಾಯಿಯ ಹತ್ತಿರ ನೀರು ಕೇಳುತ್ತಿದ್ದಳು. ನಾಡಿ ಕೈಗೆ ಚೆನ್ನಾಗಿ ಸಿಕ್ಕಿತು. ಕಂಬದಲ್ಲಿ ಹೊಸ ಬಾಟಲಿ ತೂಗುತ್ತಿತ್ತು. ಖಾಲಿಯಾದ ಎರಡು ಬಾಟಲಿಗಳು ಮಂಚದ ಕೆಳಗಿದ್ದವು. ಚಾರ್ಟಿನಲ್ಲಿ ಎರಡು, ಮೂರು, ನಾಲ್ಕು, ಐದು ಗಂಟೆಯ ನಾಡಿ ಬರೆದಿತ್ತು. ಅಕ್ಷರ ನನ್ನದೇ. ಏಳರ ಅಂಕಿಗೆ ನಡುವೆ ಅಡ್ಡಗೆರೆ ಎಳೆಯುವವಳು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ, ಆ ಗೆರೆಯೂ ಇತ್ತು.

ನಿದ್ದೆಗಣ್ಣಿನಲ್ಲೇ ಎದ್ದು ಎಲ್ಲ ಮಾಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಐದು ದಿನ ನಿದ್ದೆಯಿಲ್ಲದವಳಿಗೆ ನೆನಪು ತಪ್ಪುವುದೇನು ದೊಡ್ಡ ಮಾತು? ಹೆಚ್ಚುಕಡಿಮೆ ನಂಬಿಯೂಬಿಟ್ಟಿದ್ದೆ. ಅಷ್ಟರಲ್ಲಿ ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮಾತಾಡಿದಳು.

“ರಾತ್ರಿಯೆಲ್ಲಾ ನೀವೊಬ್ರ ಓಡ್ಯಾಡಿದ್ರಿ ಅಕ್ಕಾರ. ಆ ಕುರ್ಚ್ಯಾಗ ತಲೀ ಬಗ್ಗಿಸಿ ಮಕ್ಕೊಂಡಿದ್ರಲ್ಲ, ಆ ಸಿಸ್ಟರ್‌ನ ಒಂದೀಟು ಎಬ್ಬಸಬಾರದಿತ್ತೇನ್ರಿ?”

ಕುರ್ಚಿಯ ಕಡೆ ತಿರುಗುವ ಧೈರ್ಯವಾಗಲಿಲ್ಲ. ರಾತ್ರಿ ನಿನ್ನ ಮಗುವಿನ ಹತ್ತಿರ ನಿಂತವಳ ಮುಖ ಸರಿಯಾಗಿ ನೋಡಿದೆಯಾ ಎಂದು ಕೇಳಬಹುದಿತ್ತು. ಕೇಳಿದರೆ ನಾನು ಮಲಗಿದ್ದು ಬಯಲಾಗುತ್ತದೆ ಎಂಬುದು ಒಂದು ಕಾರಣ. ನಿಜ ಹೇಳಬೇಕೆಂದರೆ, ಅವಳು ಏನು ಉತ್ತರ ಕೊಡುತ್ತಾಳೋ ಎಂದು ಹೆದರಿದೆ. ಬಾಯಿಗೆ ಬಂದದ್ದನ್ನು ಹೇಳಿದೆ.

“ಇರಲಿ ಬಿಡಿ ಶಾಂತವ್ವ. ಪಾಪ, ಅವಳಿಗೆ ಹಗಲು ನಿದ್ದೆಯಿಲ್ಲ.”

ಶಾಂತವ್ವ ತಲೆಯಾಡಿಸಿದಳು. “ಹೌದ್ರಿ, ರಾತ್ರಿ ನಾ ಕೇಳಿದಾಗೂ ನೀವು ಇದ ಮಾತು ಅಂದ್ರಿ.”

ಮೂರನೆಯ ದಿನ ಸುವರ್ಣಾ ತಾಯಿಯ ಬೆರಳು ಹಿಡಿದು ನಡೆದುಕೊಂಡೇ ಮನೆಗೆ ಹೋದಳು. ಮೆಟ್ಟಿಲಿಳಿಯುವ ಮೊದಲು ಶಾಂತವ್ವ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ. ಆ ನಮಸ್ಕಾರ ಯಾರಿಗೆ ಸಲ್ಲಬೇಕಾದದ್ದೋ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆಮೇಲೆ ಎಷ್ಟೋ ವರ್ಷ ರಾತ್ರಿಪಾಳಿ ಮಾಡಿದೆ, ಒಮ್ಮೆಯೂ ಕುರ್ಚಿಯಲ್ಲಿ ಕೂರಲಿಲ್ಲ. ಅಂದು ನಡುರಾತ್ರಿ ನನಗೆ ಎಚ್ಚರವಾಗಿ ತಲೆಯೆತ್ತಿದ್ದರೆ ಮಗುವಿನ ಮಂಚದ ಹತ್ತಿರ ಏನನ್ನು ನೋಡುತ್ತಿದ್ದೆ ಎಂಬ ಯೋಚನೆ ಬಂದ ದಿನ, ಈ ವಯಸ್ಸಿನಲ್ಲೂ ನಾನು ದೀಪ ಆರಿಸದೆ ಮಲಗುತ್ತೇನೆ.