ಕಾಮೇಶ್ವರನ ಮೂಲೆ

ಕೋಲಾರದ ಕಡೆಯ ಬಡಗಿ ಮುನಿಯಪ್ಪ ವಿಶಾಖಪಟ್ಟಣಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ನೌಕಾಪಡೆಯಲ್ಲಿದ್ದ ಕನ್ನಡದವರ ಮನೆಗಳಲ್ಲಿ ಬಾಗಿಲೆಂದರೂ ಅವನೇ, ಕಪಾಟೆಂದರೂ ಅವನೇ. ಎಂಬತ್ತೆಂಟರಲ್ಲಿ ವಿಜಯವಾಡದಿಂದ ಕಾಮೇಶ್ವರನೆಂಬ ಬಡಗಿ ಬಂದ. ಅಲ್ಲಿಗೆ ಮುನಿಯಪ್ಪನ ನೆಮ್ಮದಿ ಹಾರಿಹೋಯಿತು.

ಜಗಳವೇನೂ ಆಗಿರಲಿಲ್ಲ. ಇದ್ದದ್ದೆಲ್ಲ ಗೋಡೆಯ ಬುಡಕ್ಕೆ ಹೊಡೆಯುವ ಮರದ ಅಂಚುಪಟ್ಟಿಯ ಸಂಕಟ. ಮುನಿಯಪ್ಪ ಹೊಡೆದ ಪಟ್ಟಿಗಳು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮೂಲೆಯಲ್ಲಿ ಬಾಯಿ ಬಿಡುತ್ತಿದ್ದವು. ಗೋಂದಿನಲ್ಲಿ ಮರದ ಹೊಟ್ಟು ಕಲಸಿ ತುಂಬಿ ಬರುತ್ತಿದ್ದ. ಕಾಮೇಶ್ವರನ ಮೂಲೆಗಳಲ್ಲಿ ಎರಡು ವರ್ಷವಾದರೂ ಉಗುರು ತೂರುತ್ತಿರಲಿಲ್ಲ. ಆ ಮಹಾರಾಯ ಪಟ್ಟಿಗಳನ್ನು ತಂದು ಕೋಣೆಯಲ್ಲೇ ಹದಿನೈದು ದಿನ ಸುಮ್ಮನೆ ಮಲಗಿಸುತ್ತಿದ್ದ. ಆಮೇಲೆ ಬಾಗಿಲು ಹಾಕಿಕೊಂಡು ಕೊಯ್ಯುತ್ತಿದ್ದ. "ಮರಕ್ಕೆ ಬಾಣಂತನ ಮಾಡ್ತಾನೆ" ಎಂದು ಮುನಿಯಪ್ಪ ಎಲ್ಲರೆದುರು ನಗುತ್ತಿದ್ದ. ಹೊಟ್ಟೆಯೊಳಗೆ ಮಾತ್ರ ಬರೀ ಉರಿ.

ಎಂವಿಪಿ ಕಾಲೋನಿಯಲ್ಲಿ ನೌಕಾಪಡೆಯ ಜಯದೇವ ಮನೆ ಕಟ್ಟಿಸಿದಾಗ ಅವರ ಹೆಂಡತಿ ಮಂಗಳಾಗೌರಿ ಕೆಳಮನೆಯ ಅಂಚುಪಟ್ಟಿಯನ್ನು ಕಾಮೇಶ್ವರನಿಗೆ ಕೊಟ್ಟರು. ಆಕೆಯೂ ಕೋಲಾರದವರೇ! ಮುನಿಯಪ್ಪನಿಗೆ ಕಪಾಟು ಮಾತ್ರ. ಮಹಡಿಯ ಕೆಲಸ ಇನ್ನೂ ಯಾರಿಗೂ ಹೇಳಿರಲಿಲ್ಲ. ಅದೂ ಕೈತಪ್ಪಿದರೆ ಈ ಊರಿನ ಕನ್ನಡದವರಲ್ಲಿ ತನ್ನನ್ನು ಕೇಳುವವರೇ ಇರುವುದಿಲ್ಲವೆಂದು ಅವನಿಗೆ ಖಾತ್ರಿಯಾಗಿತ್ತು.

ದಸರೆಗೆ ಕಾಮೇಶ್ವರ ವಿಜಯವಾಡಕ್ಕೆ ಹೋದ. ಮಾರನೆಯ ಮಧ್ಯಾಹ್ನ ಕಪಾಟಿನ ಕೆಲಸ ಬಿಟ್ಟು ಮುನಿಯಪ್ಪ ಆ ಕೆಳಮನೆಯ ನಡುಕೋಣೆಯ ಮೂಲೆಯಲ್ಲಿ ಕೂತು, ಉಳಿ ತೂರಿಸಿ, ಒಂದು ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿದ. ತಾನು ಇಷ್ಟು ವರ್ಷ ಎರಡೂ ಪಟ್ಟಿಗಳನ್ನು ಓರೆಯಾಗಿ ಕೊಯ್ದು ಜೋಡಿಸುತ್ತಿದ್ದ. ಇವನು ಒಂದನ್ನು ಗೋಡೆಯವರೆಗೆ ನೇರ ಹೊಡೆದು, ಇನ್ನೊಂದರ ತುದಿಯನ್ನು ಮೊದಲನೆಯದರ ಉಬ್ಬುತಗ್ಗಿಗೆ ಸರಿಯಾಗಿ ಕೊರೆದು ಅದರ ಮೈಗೆ ಕೂರಿಸಿದ್ದ. ಮರ ಕುಗ್ಗಿದರೂ ಸಂದು ಕಾಣುವಂತಿಲ್ಲ. ಹೊರಗಿನಿಂದ ನೋಡಿದರೆ ಎರಡು ಬಗೆಯೂ ಒಂದೇ ಥರ.

"ಏನ್ ಮಾಡ್ತಿದೀಯ ಮುನಿಯಪ್ಪ?" ಹಿಂದೆ ಮಂಗಳಾಗೌರಿ ನಿಂತಿದ್ದರು.

"ಕಾಮೇಶ್ವರಂದು ಜಾಯಿಂಟು ಬಿಟ್ಕೊಂಡಿತ್ತಮ್ಮ, ಸರಿ ಮಾಡ್ತಿದೀನಿ. ಯಾರ್ಗೂ ಹೇಳ್ಬೇಡಿ, ಪಾಪ."

ಹೇಳದೆ ಇರುವ ಜೀವವಲ್ಲ ಅದು. ಕಾಮೇಶ್ವರನ ಮೂಲೆ ಬಿಟ್ಟಿತೆಂಬ ಸುದ್ದಿ ಕನ್ನಡದವರ ಮನೆಮನೆಗೂ ಹೋಯಿತು, ಮಹಡಿಯ ಕೆಲಸ ಮುನಿಯಪ್ಪನಿಗೆ ಬಂತು. ಪಟ್ಟಿಗಳನ್ನು ಹದಿನೈದು ದಿನ ಮಲಗಿಸಿದ, ಕಾಮೇಶ್ವರನಂತೆಯೇ ಕೊರೆದು ಕೂರಿಸಿದ. ಬೇಸಿಗೆ ಕಳೆದರೂ ಒಂದು ಮೂಲೆಯೂ ಬಿಡಲಿಲ್ಲ. ನೋಡಿದವರೆಲ್ಲ ಹೊಗಳಿದರು. ಹೊಗಳಿದಾಗಲೆಲ್ಲ ಕಾಮೇಶ್ವರನನ್ನೇ ಹೊಗಳಿದಂತೆ ಕೇಳಿಸಿ ಮುನಿಯಪ್ಪನ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಕಾಮೇಶ್ವರನೇ ಬಂದ. ಮಹಡಿಯ ಮೂಲೆಯಲ್ಲಿ ಕೂತು ಜೋಡಣೆಯ ಮೇಲೆ ಬೆರಳಾಡಿಸಿದ. ಕನ್ನಡದ ಹೆಂಡತಿಯಿಂದ ಕಲಿತ ಹರಕುಮುರುಕು ಮಾತಿನಲ್ಲಿ ಹೇಳಿದ: "ಅಣ್ಣಾ, ನಂದು ನಮ್ಮಪ್ಪ ಕಲಿಸಿದ ಕೆಲಸ. ಅದೇ ಬಿಟ್ಟುಕೊಂಡಿತಂತೆ. ಈಗ ಉಳಿ ಹಿಡಿದರೆ ಕೈಯೇ ಆಡಲ್ಲ. ನೀವು ಹೆಂಗೆ ಕೊಯ್ತೀರಿ, ಕೊಂಚೆಂ ಹೇಳಿಕೊಡಿ."

ಅವನ ಮುಖದಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ನಿಜ ಹೇಳಿಬಿಡಲು ಒಂದು ಮಾತು ಸಾಕಿತ್ತು. ಹೇಳಿದರೆ ಈ ಮಹಡಿಯ ಹೊಗಳಿಕೆಯೂ ಇವನದೇ ಆಗಿಬಿಡುತ್ತದಲ್ಲ ಎನಿಸಿತು ಮುನಿಯಪ್ಪನಿಗೆ.

"ಎರಡು ಪಟ್ಟೀನೂ ಓರೆಯಾಗಿ ಕುಯ್ದು ಜೋಡ್ಸು," ಎಂದ. "ತಂದ ದಿನಾನೇ ಹೊಡೆದ್ಬಿಡು."

ಕಾಮೇಶ್ವರ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.