ನೇಪಲ್ಸ್‌ನಲ್ಲಿ ಬೈ-ಟೂ

ಇದು ಇಟಲಿಯ ನೇಪಲ್ಸ್‌ನ ಬಂದರು ಕಾರ್ಮಿಕರ ಹಳೇ ಕೇರಿ. ಗಲ್ಲಿ ಎಷ್ಟು ಕಿರಿದೆಂದರೆ, ಎದುರುಮನೆಯವರು ಒಣಹಾಕಿದ ಬನಿಯನ್ ನನ್ನ ಮೂಗು ಒರೆಸಿತು. ಮೂಲೆಯ ಕಾಫಿ ಅಂಗಡಿಯಲ್ಲಿ ನಮ್ಮ ಜಯನಗರದ ದರ್ಶಿನಿಯಂತೆ ಎಲ್ಲರೂ ನಿಂತೇ ಕುಡಿಯುತ್ತಿದ್ದರು. ಆ ಧೈರ್ಯದಲ್ಲಿ ಅಪ್ಪ, "ಒನ್ ಕಾಫಿ, ಬೈ-ಟೂ," ಎಂದು ಅಮ್ಮನ ಕಡೆಗೂ ತಮ್ಮ ಕಡೆಗೂ ಕೈ ತೋರಿಸಿದರು. ಬಂದದ್ದು ಆಟಿಕೆಯಂಥ ಪುಟ್ಟ ಕಪ್ಪಿನ ತಳದಲ್ಲಿ ಎರಡು ಗುಟುಕು ಕಾಫಿ, ಜೊತೆಗೊಂದು ಖಾಲಿ ಕಪ್ಪು. ಸುತ್ತ ನಿಂತ ಮುದುಕರೆಲ್ಲ ನಗತೊಡಗಿದರು. ಅಪ್ಪನ ಕಿವಿ ಕೆಂಪಾಯಿತು.

"ಇದನ್ನ ಹೇಗ್ರೀ ಹಂಚ್ಕೊಳ್ಳೋದು? ಬನ್ನಿ, ಹೋಗೋಣ," ಎಂದರು ಅಮ್ಮ.

"ಜಾಗ ಬಿಡಮ್ಮ. ಇದು ಮನೆ ಮರ್ಯಾದೆ ಪ್ರಶ್ನೆ," ಎಂದು ನಾನು ಅಂಗಿಯ ತೋಳು ಮಡಚಿದೆ.

ಆರಡಿ ಎತ್ತರದಿಂದ ಕಾಫಿಯನ್ನು ಕಪ್ಪಿನಿಂದ ಕಪ್ಪಿಗೆ ಹುಯ್ದೆ. ಒಂದು ಗೇಣು ಎಂದು ಅಮ್ಮ ಹೇಳುತ್ತಾರೆ, ನಂಬಬೇಡಿ. ನಾಲ್ಕು ಸಲ ಹುಯ್ದರೂ ಒಂದು ಹನಿ ಚೆಲ್ಲಲಿಲ್ಲ. ನೊರೆಯೆದ್ದು ಎರಡರಲ್ಲೂ ಸಮವಾಗಿ ನಿಂತಿತು.

ಅಮ್ಮ ಬಗ್ಗಿ ನೋಡಿ, "ಸದ್ಯ, ಇವತ್ತಾದ್ರೂ ನಿಮಗೆ ಜಾಸ್ತಿ ಬಂದಿಲ್ಲ," ಎಂದರು ಅಪ್ಪನಿಗೆ.

ಮುದುಕರ ನಗು ನಿಂತಿತು. ಅತಿ ದೊಡ್ಡ ಮೀಸೆಯ ಮುದುಕ ತನ್ನ ಕಪ್ಪನ್ನು ನನ್ನ ಮುಂದೆ ತಳ್ಳಿ, ಪಕ್ಕದ ಗೆಳೆಯನನ್ನು ತೋರಿಸಿದ. ಅವರ ಹಿಂದೆ ಆಗಲೇ ಐದಾರು ಜನ ಕಪ್ಪು ಹಿಡಿದು ನುಗ್ಗುತ್ತಿದ್ದರು.

"ಒಬ್ಬೊಬ್ರೇ ಬನ್ನಿ ಸಾರ್, ಎಲ್ರಿಗೂ ಮಾಡ್ಕೊಡ್ತಾನೆ ನನ್ ಮಗ," ಎಂದು ಅಪ್ಪ ಅಚ್ಚಗನ್ನಡದಲ್ಲಿ ಸಾಲು ನಿಲ್ಲಿಸುತ್ತಿದ್ದರು.